ಒಳಗೆ ನೋಡುವ ಗಿಣಿ

ಶಹಾಪುರ,
18 ಆಗಸ್ಟ್ 2024

ಪ್ರೀತಿಯ ತಂಗಿ ಕಸ್ತೂರಿಗೆ,

ಅಕ್ಕ ಗುರುದೇವಿಯ ಆಶೀರ್ವಾದ. ಮೊದಲ ಮಳೆ ಬಿದ್ದ ಕೂಡಲೇ ಬರೆಯುತ್ತೇನೆ ಎಂದವಳು ಹೆಸರುಕಾಳಿನ ರಾಶಿ ಮನೆಗೆ ಬಂದರೂ ಬರೆಯಲಿಲ್ಲ. ಸಿಟ್ಟಾಗಿದ್ದರೆ ಈ ಕಾಗದ ಓದಿ ಮುಗಿಸಿ ಆಮೇಲೆ ಸಿಟ್ಟಾಗು. ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಡಾಕ್ಟರು, "ಅಮ್ಮಾರ, ಒಂದಿಷ್ಟು ದಿನ ಓದೂದು ಬರಿಯೂದು ಬಂದ್ ಮಾಡ್ರಿ" ಅಂದರು. "ಅದೊಂದು ಬಿಟ್ಟು ಬ್ಯಾರೆ ಏನರ ಬಂದ್ ಮಾಡ್ಲಿಕ್ಕೆ ಹೇಳ್ರಿ" ಅಂದೆ. ಅವರು ನಗಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು.

ಪಟ್ಟಿ ಬಿಚ್ಚಿದ ದಿನ ನನಗೆ ಮೊದಲು ಕಂಡದ್ದು ಅಡಿಗೆಮನೆಯ ಜಂತಿಯಲ್ಲಿ ಕಟ್ಟಿದ್ದ ಜೇಡರ ಬಲೆ. ಆಮೇಲೆ ಹಂಡೆಯ ಹಿಂದಿನ ಮಸಿ. ಸೊಸೆ ಶೇಖಮ್ಮ ಹಣೆ ಹಣೆ ಬಡಿದುಕೊಂಡಳು. "ಆಪರೇಶನ್ ನಿಮಗ ಆಗ್ಯದ, ತ್ರಾಸ ನನಗ ಬಂದದ ನೋಡ್ರಿ ಅತ್ತಿ" ಅಂದಳು. ನಕ್ಕು ನಕ್ಕು ಹೊಸ ಕಣ್ಣಲ್ಲೇ ನೀರು ಬಂತು.

ಇಷ್ಟಕ್ಕೆ ಕಾಗದ ಯಾಕೆ, ಫೋನ್ ಮಾಡಬಹುದಲ್ಲ ಎಂದು ಮಗ ರೇವಣಸಿದ್ದ ಅನ್ನುತ್ತಾನೆ. ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದು ನನಗೆ ಬಗೆಹರಿಯುವುದಿಲ್ಲ ಕಸ್ತೂರಿ. "ಆರಾಮದೀನಿ. ನೀ ಆರಾಮ? ಇಡ್ಲಾ?" ಎಂದು ಇಟ್ಟೇಬಿಡುತ್ತೀ. ಕಾಗದವಾದರೆ ಹಾಗೆ ನಡುವೆ ಇಡಲಿಕ್ಕೆ ಬರುವುದಿಲ್ಲ. ನೀನು ಗುರುಮಠಕಲ್ಲಿನಲ್ಲಿ ಸಾಲಿ ಕಲಿತವಳು. ನಾನು ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕಟ್ಟುವ ಕಾಗದ ನೋಡಿ ನೋಡಿ ಅಕ್ಷರ ಕೂಡಿಸಿಕೊಂಡವಳು. ಒತ್ತು ದೀರ್ಘ ತಪ್ಪಿದ್ದರೆ ನೀನೇ ತಿದ್ದಿ ಓದಿಕೋ.

ಈಗ ಸುದ್ದಿ. ರೇವಣಸಿದ್ದನ ಮಗಳು ಗುಡ್ಡಿ ಹೈದರಾಬಾದಿನಲ್ಲಿ ಡಿಸೈನ್ ಓದುತ್ತಾಳಲ್ಲ, ಅವಳು ಬಂದಿದ್ದಾಳೆ. ಬಂದಾಗಿನಿಂದ ನಡುಮನೆಯ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ಹೊಡೆಯುವುದೇ ಕೆಲಸ. "ಮದುಮಗಳ ಫೋಟೋ ತಗದಾಂಗ ಗೋಡಿ ಫೋಟೋ ತಗೀತಿಯಲ್ಲವಾ" ಅಂದೆ. ಕಾಲೇಜಿನವರು ವಾಲ್‌ಪೇಪರ್ ತಯಾರಿಸುವ ಫ್ಯಾಕ್ಟರಿಗಳನ್ನು ನೋಡಿ ಬರಲು ಹೇಳಿದ್ದಾರಂತೆ. ಬರೀ ನೋಡಿದರೆ ಸಾಲದು. ತಮ್ಮದೇ ಒಂದು ನಮೂನೆ ಮಾಡಿ, ಅಲ್ಲಿಯೇ ಛಾಪಿಸಿಕೊಂಡು, ದೀಪಾವಳಿಯ ಹೊತ್ತಿಗೆ ಒಪ್ಪಿಸಬೇಕಂತೆ. ವಾಲ್‌ಪೇಪರ್ ಎಂದರೆ ಗೋಡೆಗೆ ಉದ್ದಕ್ಕೂ ಅಂಟಿಸುವ ಚಿತ್ರದ ಕಾಗದ. ಅದನ್ನು ಹಚ್ಚಿದರೆ ಸುಣ್ಣ ಬೇಡ, ಬಣ್ಣ ಬೇಡ.

"ಕ್ಲಾಸಿನ್ಯಾಗ ಎಲ್ಲಾರೂ ಹೂವು, ಬಳ್ಳಿ, ಎಲಿ ಮಾಡಾಕತ್ತಾರ ಆಯಿ. ನಾ ನಮ್ಮ ಗಿಣಿ ಮಾಡ್ತೀನಿ" ಅಂದಳು ಗುಡ್ಡಿ.

ನಮ್ಮ ಗಿಣಿ ಎಂದರೆ ಅವ್ವನ ಗಿಣಿ. ನಿನಗೆ ನೆನಪಿದೆಯೋ ಇಲ್ಲವೋ. ದೀಪಾವಳಿ ಮುಂದಿದೆ ಎನ್ನುವಾಗ ಸುರಪುರದ ಮನೆಯ ಹಿತ್ತಲಲ್ಲಿ ಅವ್ವ ಸುಣ್ಣದ ಹರಳು ನೆನೆಹಾಕುತ್ತಿದ್ದಳು. ಗಡಿಗೆಯಲ್ಲಿ ಅದು ಕೊತ ಕೊತ ಕುದಿಯುವಾಗ ನಾವಿಬ್ಬರೂ ದೂರ ನಿಂತು, ಬೆಂಕಿಯೇ ಇಲ್ಲದೆ ಹೇಗೆ ಕುದಿಯುತ್ತದೆ ಎಂದು ನೋಡುತ್ತಿದ್ದೆವು. ಗೋಡೆಗೆಲ್ಲ ಸುಣ್ಣ ಹಚ್ಚಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಕಾರಣಿ ಆಯಿತು. ಆ ಕೆಂಪು ಕಾರಣಿಯ ಮೇಲೆ ಗಿಣಿಗಳ ಸಾಲು ಕೂಡಬೇಕು. ಅವ್ವ ಈಚಲ ಕಡ್ಡಿಯ ತುದಿಯನ್ನು ಜಗಿದು ಜಗಿದು ಕುಂಚ ಮಾಡಿಕೊಳ್ಳುತ್ತಿದ್ದಳು. ಒಂದೇ ಎಳೆತಕ್ಕೆ ಕೊಕ್ಕು, ಇನ್ನೊಂದಕ್ಕೆ ಬೆನ್ನು, ಮತ್ತೊಂದಕ್ಕೆ ಬಾಲ. ಓಣಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋಗಿ ತಮ್ಮ ಗೋಡೆಯ ಮೇಲೆ ಬಾತುಕೋಳಿ ಬರೆಯುತ್ತಿದ್ದರು.

ಎಲ್ಲ ಗಿಣಿಗಳೂ ಬಾಗಿಲ ಕಡೆಗೆ ಮುಖ ಮಾಡಿರುತ್ತವೆ, ಬರುವವರಿಗೆ "ಬರ್ರಿ" ಅನ್ನುವ ಹಾಗೆ. ಬಾಗಿಲಿಗೆ ತೀರ ಹತ್ತಿರದ ಗಿಣಿ ಮಾತ್ರ ತಿರುಗಿ ಮನೆಯ ಒಳಗೆ ನೋಡುತ್ತದೆ. ಅದರ ಕಾಲ ಬುಡದಲ್ಲಿ ತಿನ್ನಲಿಕ್ಕೆ ಐದು ಕಾಳು. ನಾನು ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ಈ ಮನೆಯಲ್ಲಿಯೂ ಹಾಗೆಯೇ ಬರೆದೆ, ಶೇಖಮ್ಮನಿಗೆ ಕಲಿಸಿದೆ. ಅದು ನಮ್ಮ ತವರಿನ ರೂಢಿ.

ಇನ್ನೊಂದು ಮಾತು. ನಮ್ಮ ತಮ್ಮನ ಮಗ ಸುನೀಲಕುಮಾರ ಈ ದೀಪಾವಳಿಗೆ ನಮ್ಮಿಬ್ಬರನ್ನೂ ಸುರಪುರಕ್ಕೆ ಕರೆದಿದ್ದಾನೆ. "ಸಣ್ಣತ್ತಿ ಬರ್ಲಿಕ್ಕೇ ಬೇಕು" ಅಂದಿದ್ದಾನೆ. ಆರು ವರ್ಷದ ನಿನ್ನನ್ನು ಮಕ್ಕಳಿಲ್ಲದ ಗೊಲ್ಲಾಳತ್ತಿಯ ಉಡಿಯಲ್ಲಿ ಹಾಕಿ ಗುರುಮಠಕಲ್ಲಿಗೆ ಕಳಿಸಿದ ಮೇಲೆ ನೀನು ಆ ಮನೆಯ ಹೊಸ್ತಿಲು ದಾಟಿಲ್ಲ. ಅವ್ವ ಹೋದಾಗ ಬಂದವಳು ಕಟ್ಟೆಯ ಮೇಲೆಯೇ ನಿಂತು ಹೋದೆ. ನಾವಿಬ್ಬರೂ ಮುದುಕಿಯರಾದೆವು ಕಸ್ತೂರಿ. ಒಮ್ಮೆ ನಿನ್ನ ಜೊತೆ ಆ ನಡುಮನೆಯಲ್ಲಿ ಕೂತು ರೊಟ್ಟಿ ತಿನ್ನಬೇಕು ಅಂತ ನನಗೊಂದು ಆಸೆ. ಪ್ರತಿ ಸಲದಂತೆ "ನೋಡೂಣು" ಎಂದು ಬರೆಯಬೇಡ.

ನಿನ್ನ ಮೊಮ್ಮಕ್ಕಳಿಗೆ ನನ್ನ ಮುತ್ತು. ಅವರ ತೆಲುಗು ನನಗೆ ತಿಳಿಯದಿದ್ದರೂ ನಗು ತಿಳಿಯುತ್ತದೆ.

ನಿನ್ನ ಅಕ್ಕ,
ಗುರುದೇವಿ


ಶಹಾಪುರ,
10 ಸೆಪ್ಟೆಂಬರ್ 2024

ಪ್ರೀತಿಯ ಕಸ್ತೂರಿಗೆ,

ಅಕ್ಕನ ಹರಕೆಗಳು. ನಿನ್ನ ಕಾರ್ಡು ಬಂತು. "ಗಿಣಿ ಗಿಣಿ ನನಗೇನೂ ನೆನಪಿಲ್ಲ. ದೀಪಾವಳಿಗೆ ನೋಡೂಣು." ಇಷ್ಟೇ. ಕಾರ್ಡಿನಲ್ಲಿ ಇನ್ನೂ ಎಷ್ಟೊಂದು ಜಾಗ ಖಾಲಿ ಇತ್ತು. ಹೋಗಲಿ, ಬರೆದೆಯಲ್ಲ. ನಾನು ಅದನ್ನು ದೇವರ ಜಗುಲಿಯ ಮೇಲೆ ವಿಭೂತಿಯ ಬಟ್ಟಲ ಕೆಳಗೆ ಇಟ್ಟಿದ್ದೇನೆ.

ಗುಡ್ಡಿಯ ಜೊತೆ ನಾನೂ ಯಾದಗಿರಿಗೆ ಹೋಗಿ ಬಂದೆ. ನಾನು ಹೋಗುವ ಮಾತೇ ಇರಲಿಲ್ಲ. ಶೇಖಮ್ಮ ಹಟ ಹಿಡಿದಳು, ಹುಡುಗಿ ಒಬ್ಬಳೇ ಫ್ಯಾಕ್ಟರಿಗೆ ಹೋಗುವುದು ಬೇಡ ಎಂದು.

"ಯವ್ವಾ, ಹೈದರಾಬಾದಿನ್ಯಾಗ ನಾ ಒಬ್ಬಾಕೇ ಇರ್ತೀನಿ. ಯಾದಗಿರಿಗಿ ಹೋಗ್ಲಿಕ್ಕೆ ಆಯಿ ಬೇಕಾ?"

"ಹೈದರಾಬಾದಿನ್ಯಾಗ ನಮ್ಮ ಪೈಕಿ ಯಾರೂ ನೋಡೂದಿಲ್ಲ. ಯಾದಗಿರ್ಯಾಗ ಎಲ್ಲಾರೂ ನೋಡ್ತಾರ" ಅಂದಳು ಶೇಖಮ್ಮ.

ಅವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ನಾನು ಇಳಕಲ್ ಸೀರೆ ಉಟ್ಟು ತಯಾರಾಗಿಬಿಟ್ಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ದೋರನಹಳ್ಳಿ ದಾಟುವವರೆಗೂ ಎರಡೂ ಕಡೆ ತೊಗರಿ, ಹತ್ತಿ. ಹೊಸ ಕಣ್ಣಿಗೆ ಹಸಿರಿನಲ್ಲಿಯೂ ಎಷ್ಟು ಬಗೆ ಇದೆಯೋ! ಭೀಮಾ ಸೇತುವೆ ಬಂದಾಗ ಅಪ್ಪ ನೆನಪಾದ. ಸಂತೆಗೆ ಹೋಗುವಾಗ ಹೊಳೆಗೆ ಒಂದು ಕಾಸು ಒಗೆಯಲಿಕ್ಕೆ ನನ್ನ ಕೈಗೇ ಕೊಡುತ್ತಿದ್ದ. ನಾನು ಈ ಸಲವೂ ಒಗೆದೆ. ಹಿಂದಿನ ಸೀಟಿನವನು, "ಅಮ್ಮಾ, ಕಂಡಕ್ಟರ್‌ಗಿ ಚಿಲ್ಲರಿಲ್ಲ ಅಂದ್ರಿ, ಹೊಳಿಗಿ ಅದಾವೇನ್ರಿ?" ಅಂದ. ಬಸ್ಸೆಲ್ಲ ನಕ್ಕಿತು.

ಮೊದಲು ಹೋದದ್ದು ಊರಾಚೆಯ ದೊಡ್ಡ ಫ್ಯಾಕ್ಟರಿಗೆ. ಗಾಜಿನ ಬಾಗಿಲು, ಒಳಗೆ ಥಂಡಿ ಗಾಳಿ. ಟೈ ಕಟ್ಟಿದ ಒಬ್ಬ ಹುಡುಗ ನಮ್ಮನ್ನು ಸೋಫಾದ ಮೇಲೆ ಕೂಡಿಸಿ ಜಾತಕದ ಕಟ್ಟಿಗಿಂತ ದಪ್ಪನೆಯ ಆಲ್ಬಮ್ಮುಗಳನ್ನು ತಂದಿಟ್ಟ. ಅದರಲ್ಲಿ ಎಲ್ಲವೂ ಇತ್ತು ಕಸ್ತೂರಿ. ಕಟ್ಟಿಗೆಯ ಹಾಗೆ ಕಾಣುವ ಕಾಗದ, ಇಟ್ಟಿಗೆಯ ಹಾಗೆ ಕಾಣುವ ಕಾಗದ, ಕಡೆಗೆ ಒಡ್ಡುಗಲ್ಲಿನ ಗೋಡೆಯ ಹಾಗೆ ಕಾಣುವ ಕಾಗದ. "ಇದು ಭಾಳ ಓಡ್ತದ್ರಿ ಅಮ್ಮಾ" ಅಂದ ಹುಡುಗ. "ನಮ್ಮ ಗೋಡಿ ಕಲ್ಲಿಂದೇ ಅದಾವಪ್ಪ. ಕಲ್ಲಿನ ಮ್ಯಾಲ ಸುಣ್ಣ ಹಚ್ಚಿ, ಸುಣ್ಣದ ಮ್ಯಾಲ ಕಲ್ಲಿನ ಚಿತ್ರ ಅಂಟಿಸೂದಾ?" ಅಂದೆ. ಗುಡ್ಡಿ ನನ್ನ ಮೊಣಕೈ ಜಿಗುಟಿದಳು. ಪಾಪ, ಹುಡುಗ ಒಳ್ಳೆಯವನು, ಯಂತ್ರಗಳನ್ನು ಗಾಜಿನಾಚೆಯಿಂದ ತೋರಿಸಿದ. ಆದರೆ ಒಂದೇ ಒಂದು ಸುರುಳಿ ಛಾಪಿಸಲು ಅವರಲ್ಲಿ ಆಗುವುದಿಲ್ಲವಂತೆ. ಅಲ್ಲಿ ಒಮ್ಮೆ ಯಂತ್ರ ಶುರುವಾದರೆ ಊರಿಗೆಲ್ಲ ಆಗುವಷ್ಟು ಬರುತ್ತದೆ.

ಆಮೇಲೆ ಸ್ಟೇಶನ್ನಿನ ಹಿಂದೆ ಮನ್ಸೂರಅಲಿ ಎಂಬವರ ಶೆಡ್ಡಿಗೆ ಹೋದೆವು. ಒಂದು ಕಾಲಕ್ಕೆ ಹತ್ತಿಯ ಗೋದಾಮು, ಈಗಲೂ ಜಂತಿಯಲ್ಲಿ ಅರಳೆ ಸಿಕ್ಕಿಕೊಂಡಿದೆ. ಅವರ ತಂದೆ ಮದುವೆ ಕಾರ್ಡು ಛಾಪಿಸುತ್ತಿದ್ದರಂತೆ, ಇವರು ಗೋಡೆ ಕಾಗದಕ್ಕೆ ಇಳಿದಿದ್ದಾರೆ. ನನ್ನ ವಯಸ್ಸಿನವರೇ ಇರಬೇಕು, ಗಡ್ಡಕ್ಕೆ ಮೆಹಂದಿ. "ಬರ್ರಿ ಅಮ್ಮಾ, ಕೂಡ್ರಿ ಕೂಡ್ರಿ. ನವಾಜ್, ಫ್ಯಾನ್ ಈ ಕಡಿ ತಿರುಗಸು" ಅಂದರು. ನವಾಜ್ ಅವರ ಅಳಿಯ, ಕಂಪ್ಯೂಟರ್ ಕೆಲಸ ಅವನದು. ಗುಡ್ಡಿ ಗಿಣಿಗಳ ಫೋಟೋಗಳನ್ನು ಅವನಿಗೆ ಮೊದಲೇ ಕಳಿಸಿದ್ದಳು. ನಾವು ಬರುವ ಹೊತ್ತಿಗೆ ಅವನು ಒಂದು ತುಂಡು ಛಾಪಿಸಿ ಇಟ್ಟಿದ್ದ.

ಆ ಕಾಗದ ಬಿಚ್ಚಿ ನನ್ನ ಮುಂದೆ ಹರಡಿದ. ಸುಣ್ಣದ ಬಿಳುಪು, ಕೆಮ್ಮಣ್ಣಿನ ಕೆಂಪು, ಥೇಟ್ ನಮ್ಮ ಸುರಪುರದ ನಡುಮನೆ. ಬೆರಳಿಂದ ಸವರಿದೆ. ಸುಣ್ಣವಾದರೆ ಕೈಗೆ ಬಿಳಿ ಹತ್ತಬೇಕಲ್ಲ, ಹತ್ತಲಿಲ್ಲ. ಹಾಗೆ ನೋಡುತ್ತಾ ನೋಡುತ್ತಾ ಏನೋ ಇಲ್ಲ ಅನ್ನಿಸಿತು. ಮದುವೆ ಮನೆಯಲ್ಲಿ ಎಲ್ಲರೂ ಬಂದಿದ್ದಾರೆ, ಆದರೂ ಯಾರೋ ಬಂದಿಲ್ಲ ಅನ್ನಿಸುತ್ತದಲ್ಲ, ಹಾಗೆ.

"ಇದರಾಗ ಒಂದು ತಿರುಗಿ ಕೂತದ್ದಿತ್ತಲ್ಲಪ್ಪ?" ಅಂದೆ.

ನವಾಜ್ ಖುಷಿಯಿಂದ ಹೇಳಿದ, "ಹೌದ್ರಿ ಅಮ್ಮಾ, ಒಂದು ಗಲತ್ ಇತ್ತು, ನಾ ಸೀದಾ ಮಾಡೀನಿ. ಅದರ ಬುಡಕ್ಕ ಐದು ಕಲೆ ಇದ್ದವು, ಕಚರಾ, ಅವೂ ತಗದೀನಿ."

"ಕಚರಾ ಅಲ್ಲಪ್ಪ ಅವು, ಕಾಳು!"

ಗುಡ್ಡಿಗೆ ನಗು ತಡೆಯಲಾಗಲಿಲ್ಲ. ನವಾಜ್ ಮುಖ ಸಣ್ಣದು ಮಾಡಿದ. ಮನ್ಸೂರಅಲಿ ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಅಮ್ಮಾ, ಗುಸ್ಸಾ ಆಗಬ್ಯಾಡ್ರಿ. ನಮ್ಮ ದಂಧೆದಾಗ ಎಲ್ಲಾ ಒಂದೇ ನಮೂನಿ ಇರಬೇಕು. ಒಂದು ತಿರುಗಿ ಕೂತದಂದ್ರ ಗಿರಾಕಿ ಛಾಪ ತಪ್ಪ್ಯದ ಅಂತ ಸುರುಳಿ ವಾಪಸ್ ತರ್ತಾರ. ಅದ್ಯಾಕ ಹಾಂಗ ಕೂತದ, ಹೇಳ್ರಿ?"

"ಅದು ನಮ್ಮ ರೂಢಿ" ಅಂದೆ.

"ರೂಢಿಗೂ ಒಂದು ಶುರು ಇರ್ತದಲ್ರಿ. ಯಾರು ಶುರು ಮಾಡಿದ್ರು?"

"ನಮ್ಮ ಅವ್ವ."

"ಹಂಗಾರ ಅವ್ವನ್ನ ಕೇಳಿ ಹೇಳ್ರಿ. ಗಿರಾಕಿ ಕೇಳಿದ್ರ ನಾನೂ ಒಂದು ಮಾತು ಹೇಳ್ಲಿಕ್ಕೆ ಬೇಕಲ್ಲ. ಹೇಳ್ರಿ, ನೀವು ಅಂದಾಂಗೇ ಛಾಪಸ್ತೀನಿ."

"ಅವ್ವ ಇಲ್ರಿ ಈಗ."

ಅವರು ಕಾಗದ ಸುತ್ತಿಟ್ಟರು. ಆಮೇಲೆ ನವಾಜನಿಗೆ ಚಹಾ ತರಿಸಲು ಹೇಳಿದರು. ಚಹಾ ಕುಡಿಯುತ್ತ ಮಳೆಯ ಮಾತು ಆಡಿದೆವು.

ಬಸ್ಸಿನಲ್ಲಿ ವಾಪಸ್ ಬರುವಾಗ ಗುಡ್ಡಿ ಕೇಳಿದಳು, "ಖರೇನ ಆಯಿ, ಯಾಕ ತಿರುಗ್ಯದ ಅದು?" ನನಗೆ ನಾಚಿಕೆಯಾಯಿತು. ಜೀವಮಾನವೆಲ್ಲ ಆ ಗಿಣಿ ಬರೆದಿದ್ದೇನೆ. ಒಂದು ದಿನವೂ ಕೇಳಲಿಲ್ಲ. ಅವ್ವ ಬರೆಯುತ್ತಿದ್ದಳು, ನಾನೂ ಬರೆದೆ. ಕಡೆಗಾಲಕ್ಕೆ ಅವ್ವ ಆ ಒಂದು ಗಿಣಿಯನ್ನು ಸೊಟ್ಟಗೆ ಬರೆಯುವುದು ಮೊದಲ ಸಲ ನನ್ನ ಗಮನಕ್ಕೆ ಬಂದಿತ್ತು. ಅವಳ ಕಣ್ಣು ಮಂಜಾಗಿದೆ ಎಂದುಕೊಂಡಿದ್ದೆ. ಆದರೆ ಉಳಿದ ಗಿಣಿಗಳೆಲ್ಲ ನೆಟ್ಟಗೆ ಇದ್ದವಲ್ಲ ಎಂದು ಭೀಮಾ ಸೇತುವೆಯ ಮೇಲೆ ಮೊನ್ನೆ ಹೊಳೆಯಿತು ನನಗೆ.

ಸುರಪುರಕ್ಕೆ ಹೋಗಿ ಗೋಡೆಯನ್ನೇ ನೋಡೋಣ ಎಂದಿದ್ದಾಳೆ ಗುಡ್ಡಿ. ಅವ್ವ ಹೋದ ಮೇಲೆ ಅಲ್ಲಿ ಆಯಿಲ್ ಪೇಂಟು ಬಂತು, ಏನಿರುತ್ತದೆ ಅಂದೆ. "ಕೆಳಗ ಇರ್ತದ ಆಯಿ" ಅಂದಳು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರು. ಮನೆಯ ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಗುರುದೇವಿ


ಸುರಪುರ,
6 ಅಕ್ಟೋಬರ್ 2024

ನನ್ನ ಕಸ್ತೂರಿ,

ಮೇಲೆ ಊರಿನ ಹೆಸರು ನೋಡಿದೆಯಲ್ಲ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ತಡವಾಯಿತು ಎಂದು ಈ ಸಲ ಕ್ಷಮೆ ಕೇಳುವುದಿಲ್ಲ, ಯಾಕೆಂದರೆ ಕಾಗದದ ಜೊತೆ ಕಳಿಸಬೇಕಾದದ್ದು ನಿನ್ನೆ ತಾನೇ ಯಾದಗಿರಿಯಿಂದ ಬಂತು. ಅದನ್ನು ಈಗಲೇ ಬಿಚ್ಚಬೇಡ. ಮೊದಲು ಇದನ್ನು ಓದು.

ನಾವು ಬಂದ ದಿನ ಮನೆಯೆಲ್ಲ ಧೂಳು. ಸುನೀಲಕುಮಾರ ಹೊಸದಾಗಿ ವೈರಿಂಗ್ ಮಾಡಿಸುತ್ತಿದ್ದಾನೆ. ತಂತಿ ಗೋಡೆಯೊಳಗೇ ಹೋಗಬೇಕೆಂದು ಕರೆಂಟಿನವನು ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಮೇಲಿಂದ ಕೆಳಗೆ ಉಳಿಯಿಂದ ಕೊರೆಯುತ್ತಿದ್ದ. "ಅತ್ತಿ, ಹುಷಾರ, ಕಣ್ಣಾಗ ಬಿದ್ದೀತು. ಮೊನ್ನಿನೇ ರಿಪೇರಿ ಮಾಡಸ್ಕೊಂಡೀರಿ" ಎಂದು ಸುನೀಲ ನನ್ನನ್ನು ಹಿಂದೆ ಎಳೆದ. ಅಷ್ಟರಲ್ಲಿ ಗುಡ್ಡಿ, "ನಿಲ್ಸರಿ! ನಿಲ್ಸರಿ ಅಣ್ಣಾ!" ಎಂದು ಕೂಗಿದಳು. ಕರೆಂಟಿನವನು ಶಾಕ್ ಹೊಡೆಯಿತೇನೋ ಎಂದು ಉಳಿ ಬಿಟ್ಟು ನೆಗೆದ.

ಕಾರಣಿಯ ಎತ್ತರದಲ್ಲಿ ಸುಣ್ಣದ ಒಂದು ದೊಡ್ಡ ಹೆಕ್ಕಳ ಅರ್ಧ ಎದ್ದು ನಿಂತಿತ್ತು. ಮಳೆಯ ತೇವಕ್ಕೆ ಗೋಡೆಯಿಂದ ಬಿಟ್ಟುಕೊಂಡಿತ್ತು. ಗುಡ್ಡಿ ಅದನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಹಿಡಿದು ಇಳಿಸಿ, ಈ ಕಟ್ಟೆಯ ಮೇಲೆ ನನ್ನ ಹಳೆಯ ಸೀರೆ ಹಾಸಿ ಮಲಗಿಸಿದಳು. ಅದರ ಅಂಚು ನೋಡಿದರೆ ಪದರು ಪದರು, ಅವ್ವ ಮಾಡುತ್ತಿದ್ದ ಚಿರೋಟಿಯ ಹಾಗೆ. ಒಂದೊಂದು ದೀಪಾವಳಿಗೆ ಒಂದೊಂದು ಪದರು.

ಮಧ್ಯಾಹ್ನವೆಲ್ಲ ಅವಳು ಒದ್ದೆ ಬಟ್ಟೆ, ತೆಳ್ಳನೆಯ ಚಾಕು ಹಿಡಿದು ಕೂತಳು. ನಾನು ಪಕ್ಕದಲ್ಲಿ ಕೂತು ಅವಳ ಬಾಯಿಗೆ ರೊಟ್ಟಿಯ ತುತ್ತು ಇಡುತ್ತಿದ್ದೆ. ಮೇಲಿನ ಆಯಿಲ್ ಪೇಂಟು ಹೋಯಿತು. ಕೆಳಗೆ ಅವ್ವನ ಗಿಣಿ, ಒಳಗೆ ನೋಡುವ ಗಿಣಿ, ಅದರ ಬುಡದಲ್ಲಿ ಐದು ಕಾಳು. ಅದನ್ನು ಎಬ್ಬಿಸಿದರೆ ಕೆಳಗೆ ಮತ್ತೊಂದು. ಅದರ ಕೆಳಗೆ ಮತ್ತೊಂದು. ಕೆಲವು ಪದರು ಪುಡಿಯಾದವು, ಕೆಲವು ಅಖಂಡ ಬಂದವು. ಅಖಂಡ ಬಂದದ್ದರಲ್ಲೆಲ್ಲ ಅದೇ ಗಿಣಿ, ಅದೇ ಜಾಗದಲ್ಲಿ. ಮತ್ತೆ ಎಲ್ಲವೂ ಸೊಟ್ಟ. ಕೊಕ್ಕು ದಪ್ಪ, ಒಂದು ಕಾಲು ಗಿಡ್ಡ, ಬಾಲ ಮೂರು ಎಳೆಗೆ ಒಡೆದದ್ದು. ಅವ್ವ ಹರೆಯದಲ್ಲಿದ್ದಾಗಿನ ಪದರಿನಲ್ಲಿಯೂ ಸೊಟ್ಟವೇ. ಓಣಿಗೆಲ್ಲ ಹೆಸರಾಗಿದ್ದ ಅವ್ವನ ಕೈ, ಈ ಒಂದು ಗಿಣಿಗೆ ಬಂದಾಗ ಬೇಕೆಂದೇ ಸೊಟ್ಟ ಎಳೆಯುತ್ತಿತ್ತು ಕಸ್ತೂರಿ. ಅದೇ ಸೊಟ್ಟ, ಒಂದು ಕೂದಲೆಳೆ ಆಚೀಚೆ ಇಲ್ಲ.

"ಆಯಿ, ಕಟ್ಟಕಡೀದು ನೋಡಿಲ್ಲಿ" ಅಂದಳು ಗುಡ್ಡಿ.

ಆ ಹೆಕ್ಕಳದ ಎಲ್ಲಕ್ಕಿಂತ ಕೆಳಗಿನ ಪದರಿನಲ್ಲಿದ್ದ ಗಿಣಿ ಅವ್ವನದಲ್ಲ. ಗೆರೆ ನಡುಗಿತ್ತು, ಕೆಮ್ಮಣ್ಣು ಸುರಿದು ಕೆಳಗಿಳಿದಿತ್ತು. ಕೊಕ್ಕು ದಪ್ಪ, ಒಂದು ಕಾಲು ಗಿಡ್ಡ. ಅದರ ಬುಡದಲ್ಲಿ ಇದ್ದದ್ದು ಕಾಳುಗಳಲ್ಲ. ಐದು ಬೆರಳ ತುದಿಗಳು. ಕೆಮ್ಮಣ್ಣು ಮೆತ್ತಿದ ಸಣ್ಣ ಬಲಗೈಯನ್ನು ಗೋಡೆಗೆ ಊರಿಕೊಂಡು, ಎಡಗೈಯಲ್ಲಿ ಬರೆದಿದ್ದಾರೆ. ಗುಡ್ಡಿ ತನ್ನ ಬೆರಳು ಇಟ್ಟು ನೋಡಿದಳು, ದೊಡ್ಡವಾದವು. ಆರು ವರ್ಷದ ಕೂಸಿನವು.

ನಮ್ಮ ಮನೆಯಲ್ಲಿ ಎಡಚಿ ಯಾರಿದ್ದರು, ನೀನೇ ಹೇಳು.

ಆಗ ನನಗೆ ಒಂದು ಸದ್ದು ನೆನಪಾಯಿತು. ಕಂಡದ್ದಲ್ಲ, ಕೇಳಿದ್ದು. ನೀನು ಈ ಮನೆಯಲ್ಲಿದ್ದ ಕಡೆಯ ದೀಪಾವಳಿ ಅದು. ನನಗೆ ಜ್ವರ ಬಂದು ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಹೊರಗೆ ಅಪ್ಪನ ದನಿ, "ಯಾರದಿದು ಎಡಚಿ ಗಿಣಿ? ಎಲ್ಲಾ ಬಾಗಲಾ ನೋಡಾಕತ್ತಾವ, ಇದೊಂದು ಮನಿ ನೋಡಾಕತ್ತದ. ಅಳಿಸಿ ನೆಟ್ಟಗ ಬರಿ" ಎಂದು. ನೀನು ಅಳಲಿಕ್ಕೆ ಶುರು ಮಾಡಿದೆ. ಅಡಿಗೆಮನೆಯಿಂದ ಅವ್ವ ನಕ್ಕಳು. "ಇರ್ಲಿ ಬಿಡ್ರಿ. ಹಬ್ಬದ ದಿನ ಬರದದ್ದು ಅಳಸಬಾರದು. ಅದು ನನ್ನ ನೋಡಾಕತ್ತದ."

ಇಷ್ಟು ವರ್ಷ ಆ ನಗು ನನ್ನೊಳಗೆ ಎಲ್ಲಿ ಕೂತಿತ್ತೋ. ಎದ್ದ ಮೇಲೆ ಗೋಡೆ ನೋಡಿದ್ದೆ, ಆದರೆ ಯಾರು ಬರೆದದ್ದು ಎಂದು ಕೇಳಲಿಲ್ಲ. ಮುಂದಿನ ದೀಪಾವಳಿಗೆ ನೀನು ಇರಲಿಲ್ಲ, ಗಿಣಿ ಇತ್ತು. ಅದಕ್ಕೂ ಮುಂದಿನದಕ್ಕೂ ಇತ್ತು. ನಾನು ಅದನ್ನು ರೂಢಿ ಎಂದುಕೊಂಡೆ. ನಿನ್ನ ಬೆರಳನ್ನು ಕಾಳು ಎಂದುಕೊಂಡು ನನ್ನ ಮನೆಯಲ್ಲಿಯೂ ಬರೆದೆ, ಸೊಸೆಗೂ ಕಲಿಸಿದೆ. ನಿನ್ನನ್ನು ಕಂಡೇ ಇರದ ಶೇಖಮ್ಮ ಮದುವೆಯಾಗಿ ಬಂದ ವರ್ಷದಿಂದ ನಿನ್ನ ಬೆರಳು ಬರೆಯುತ್ತಿದ್ದಾಳೆ ನೋಡು.

ಗುಡ್ಡಿ ಆ ಕಡೆಯ ಪದರಿನ ಮೇಲೆ ತೆಳ್ಳನೆಯ ಕಾಗದವಿಟ್ಟು ನಿನ್ನ ಗಿಣಿಯನ್ನೂ ಬೆರಳುಗಳನ್ನೂ ಗೆರೆಗೆ ಗೆರೆ ನಕಲು ಮಾಡಿಕೊಂಡು ಯಾದಗಿರಿಗೆ ಹೋದಳು. ಈ ಸಲ ಕಾವಲಿಗೆ ನಾನು ಹೋಗಲಿಲ್ಲ. ಮನ್ಸೂರಅಲಿ ಎಲ್ಲ ಕೇಳಿ, ಟೋಪಿ ತೆಗೆದು ತಲೆ ಸವರಿಕೊಂಡು, ಮತ್ತೆ ಟೋಪಿ ಹಾಕಿಕೊಂಡರಂತೆ. "ನವಾಜ್, ಎಲ್ಲಾ ಗಿಣಿ ನೀ ಮಾಡಿದಾಂಗ ಇರ್ಲಿ. ಈ ಕೂಸಿನ ಗಿಣಿಗಿ ಮಾತ್ರ ಕೈ ಹಚ್ಚಬ್ಯಾಡ" ಅಂದರಂತೆ. "ಗಿರಾಕಿ ವಾಪಸ್ ತಂದ್ರ ಮಾಮು?" ಎಂದು ನವಾಜ್ ಕೇಳಿದ್ದಕ್ಕೆ, "ತರ್ಲಿ. ನನ್ನ ಮನ್ಯಾಗ ಹಚ್ಚತೀನಿ" ಅಂದರಂತೆ.

ಈಗ ಜೊತೆಗಿರುವ ಸುರುಳಿ ಬಿಚ್ಚು. ಅದು ಅವರು ಛಾಪಿಸಿದ ಮೊದಲ ತುಂಡು. ಉದ್ದನೆಯ ಸಾಲಿನಲ್ಲಿ ಮತ್ತೆ ಮತ್ತೆ ನಿನ್ನ ಗಿಣಿ ಬರುತ್ತದೆ. ಎಲ್ಲ ಹೊರಗೆ ನೋಡುತ್ತಿರುವಾಗ ಅದೊಂದು ಒಳಗೆ ನೋಡುತ್ತದೆ. ನಿನ್ನ ಬೆರಳು ಅದರ ಮೇಲೆ ಇಟ್ಟು ನೋಡು. ಹಳೆಯ ಅಂಗಿಯ ಹಾಗೆ ಬಿಗಿಯಾಗುತ್ತದೆ, ಆದರೂ ಇಡು.

ಮೂಲದ ಹೆಕ್ಕಳ ಕಳಿಸುವ ಧೈರ್ಯ ನನಗಿಲ್ಲ, ದಾರಿಯಲ್ಲಿ ಪುಡಿಯಾದೀತು. ಅವ್ವನ ಸಂದೂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೇನೆ. ಸುನೀಲಕುಮಾರ ಬಾಗಿಲ ಪಕ್ಕದ ಆ ಒಂದು ಜಾಗಕ್ಕೆ ಪೇಂಟು ಹಚ್ಚಿಸುವುದಿಲ್ಲ ಎಂದಿದ್ದಾನೆ. "ಅಲ್ಲಿ ಸುಣ್ಣ ಹಚ್ಚಿ ಬಿಟ್ಟಿರ್ತೀನಿ. ಸಣ್ಣತ್ತಿ ಬಂದು ಬರೀಲಿ" ಅಂದ. ಈಚಲ ಕಡ್ಡಿ ಜಗಿಯಲಿಕ್ಕೆ ನಿನಗೂ ನನಗೂ ಹಲ್ಲಿಲ್ಲ, ಗುಡ್ಡಿ ಜಗಿದು ಕೊಡುತ್ತಾಳಂತೆ.

ಗುರುಮಠಕಲ್ಲಿನಿಂದ ಮುಂಜಾನೆಯ ಬಸ್ಸಿಗೆ ಹೊರಟರೆ ಯಾದಗಿರಿಯಲ್ಲಿ ರೇವಣಸಿದ್ದ ಕಾಯುತ್ತಾನೆ. ನಿನ್ನ ಮಕ್ಕಳು ಮೊಮ್ಮಕ್ಕಳು ಹಾಲುಂಡು ಬಾಳಲಿ. ನಿನ್ನ ಕೈಗೆ ನನ್ನ ವಯಸ್ಸು ಹತ್ತದಿರಲಿ.

ನಿನ್ನ ದಾರಿ ನೋಡುವ ಅಕ್ಕ,
ಗುರುದೇವಿ

ತಾ.ಕ.: ಅವ್ವ ಹೋದ ದಿನ ಈ ಕಟ್ಟೆಯ ಮೇಲೆಯೇ ನಿಂತು ನೀನು ನನ್ನನ್ನು ಒಂದು ಮಾತು ಕೇಳಿದ್ದೆ. "ಅಕ್ಕಾ, ನಾ ಹ್ವಾದ ಮ್ಯಾಲ ಅವ್ವ ಒಮ್ಮಿನಾದ್ರೂ ನನ್ನ ಹೆಸರು ತಗೊಂಡಿದ್ಲೇನ?" ಗೊಲ್ಲಾಳತ್ತಿ ನಿನ್ನ ಭುಜ ಹಿಡಿದು ನಿಂತಿದ್ದಳು. ಅವಳ ಮುಂದೆ ನಾನು ಬಾಯಿ ತೆರೆಯಲಿಲ್ಲ. ನೀನು ಹೊಸ್ತಿಲಾಚೆಯಿಂದಲೇ ತಿರುಗಿ ಹೋದೆ. ಹೋದ ವರ್ಷ ಗೊಲ್ಲಾಳತ್ತಿಯೂ ಶಿವನ ಪಾದ ಸೇರಿದಳು, ಈಗ ಹೇಳಿದರೆ ಯಾರಿಗೂ ನೋವಿಲ್ಲ. ಇಲ್ಲ ಕಸ್ತೂರಿ, ಅವ್ವ ನಿನ್ನ ಹೆಸರು ಒಮ್ಮೆಯೂ ತೆಗೆದುಕೊಳ್ಳಲಿಲ್ಲ. ನಿನ್ನನ್ನು ಉಡಿಯಲ್ಲಿ ಹಾಕಿಕೊಳ್ಳುವಾಗ ಗೊಲ್ಲಾಳತ್ತಿ ಅವ್ವನ ಕೈಯಿಂದ ದೇವರ ಜಗುಲಿಯ ವಿಭೂತಿ ಮುಟ್ಟಿಸಿ ಮಾತು ತೆಗೆದುಕೊಂಡಿದ್ದಳು, "ಇನ್ನ ಈ ಕೂಸು ನಂದು. ಇದರ ಹೆಸರು ನಿನ್ನ ಬಾಯಾಗ ಬರಬಾರದು" ಎಂದು. ಅವ್ವ ಸಾಯುವವರೆಗೂ ಆ ಮಾತು ಉಳಿಸಿಕೊಂಡಳು. ಕೈಯ ಬಗ್ಗೆ ಮಾತ್ರ ಅತ್ತಿ ಏನೂ ಹೇಳಿರಲಿಲ್ಲ.